ವಿಪ್ರಲಂಭಕ್ಕೂ ಸೇರದ ಒಂಟಿತನ

ಭಾರತೀಯ ಕಾವ್ಯಮೀಮಾಂಸೆಯಲ್ಲಿ ವಿರಹಕ್ಕೆ ಮನ್ನಣೆಯಿದೆ. ಪರಸ್ಪರ ಒಲಿದವರು ಅಗಲಿರುವಾಗಿನ ಶೃಂಗಾರವನ್ನು ವಿಪ್ರಲಂಭವೆಂದು ಕರೆದು ಆಲಂಕಾರಿಕರು ಅದರ ಒಳಭೇದಗಳನ್ನೆಲ್ಲ ವಿವರಿಸಿದ್ದಾರೆ. ಆದರೆ ಒಲವು ಒಬ್ಬರಲ್ಲಿ ಮಾತ್ರ ಇದ್ದರೆ ವಿಶ್ವನಾಥನ ‘ಸಾಹಿತ್ಯದರ್ಪಣ’ದಂಥ ಗ್ರಂಥಗಳು ಅದನ್ನು ರಸವೆಂದು ಒಪ್ಪದೆ ರಸಾಭಾಸವೆಂದು, ಅಂದರೆ ರಸದಂತೆ ತೋರಿಯೂ ರಸವಲ್ಲದ್ದೆಂದು, ಬದಿಗಿಡುತ್ತವೆ. ಗಂಡೊಬ್ಬ ತನ್ನ ಗೆಳೆಯನನ್ನೇ ಒಲಿದು, ಆ ಒಲವು ಮರಳಿ ಬಾರದೆಂದು ತಿಳಿದೂ ಗೆಳೆತನವನ್ನು ಬಿಡಲಾರದೆ ಬದುಕುವುದನ್ನು ಬರಿಯ ಆಭಾಸವೆನ್ನುವುದು ಅನ್ಯಾಯ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರನ (1879–1970) ಬಾಳು ಇದಕ್ಕೆ ಸಾಕ್ಷಿ.

ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ ಸೈಯದ್ ರಾಸ್ ಮಸೂದ್ ಆಕ್ಸ್‌ಫರ್ಡ್ ಸೇರುವ ಸಿದ್ಧತೆಯಲ್ಲಿದ್ದಾಗ, 1906ರಲ್ಲಿ, ಅವನಿಗೆ ಲ್ಯಾಟಿನ್ ಹೇಳಿಕೊಡಲು ಗೊತ್ತಾದವನು ಫಾರ್ಸ್ಟರ್. ಪಾಠ ಬಹುಬೇಗ ಗೆಳೆತನವಾಯಿತು. ಮಸೂದನ ಪತ್ರಗಳು ಅಕ್ಕರೆಯಿಂದ ತುಂಬಿ ತುಳುಕುತ್ತಿದ್ದವು. ಅವನು ಬೆಳೆದ ಉರ್ದು ಸಂಸ್ಕೃತಿಯಲ್ಲಿ ಗಂಡಸರು ತಮ್ಮ ಗೆಳೆಯರಿಗೆ ಪ್ರಾಣವೇ ನೀನೆಂದು ಬರೆಯುವುದು ಅಸಹಜವಲ್ಲ. ಗಜಲ್ ಎಂಬ ದ್ವಿಪದಿಗಳ ಪ್ರಕಾರದಲ್ಲಿಯೂ ಪ್ರಿಯವ್ಯಕ್ತಿಯನ್ನು ಪುಲ್ಲಿಂಗದಲ್ಲಿ ಕರೆಯುವುದೇ ಸಂಪ್ರದಾಯ. ಭಾವವನ್ನು ಅದುಮಿಡುವುದೇ ಸಭ್ಯತೆಯೆಂದು ನಂಬಿದ ಇಂಗ್ಲಿಷ್ ಮಧ್ಯಮವರ್ಗದಲ್ಲಿ ಬೆಳೆದವನಿಗೆ, ಅದರಲ್ಲೂ ಕೇಂಬ್ರಿಜ್‌ನ ಗೆಳೆಯನೊಬ್ಬನನ್ನು ಒಲಿದು ಅರ್ಧದಾರಿಯಲ್ಲೇ ನಿಂತುಹೋಗಿದ್ದವನಿಗೆ, ಆ ಮಾತುಗಳು ಬೇರೊಂದು ಬಾಗಿಲಿನಂತೆ ಕಂಡಿದ್ದರೆ ಅದು ಅವನ ತಪ್ಪಲ್ಲ, ಮಸೂದನ ಮೋಸವೂ ಅಲ್ಲ. ಸ್ನೇಹದ ನುಡಿಯೂ ಪ್ರೇಮದ ನುಡಿಯೂ ಒಂದೇ ಆಗಿರುವ ಕಡೆ ಕೇಳುವವನು ತನಗೆ ಬೇಕಾದುದನ್ನು ಕೇಳಿಸಿಕೊಳ್ಳುತ್ತಾನೆ.

1910 ಮುಗಿಯುವ ಹೊತ್ತಿಗೆ ಫಾರ್ಸ್ಟರ್ ತನ್ನ ಒಲವನ್ನು ಬಾಯಿಬಿಟ್ಟು ಹೇಳಿದ; ಅದು ತನಗೆ ಗೊತ್ತೆಂದಷ್ಟೇ ಮಸೂದ್ ಉತ್ತರಿಸಿದ. ಹೀಗೆ ಹೇಳಲು ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ಮರೆಯಬಾರದು. ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆಂದ 1885ರ ಕಾನೂನಿನಡಿ ಆಸ್ಕರ್ ವೈಲ್ಡ್ 1895ರಲ್ಲಿ ಎರಡು ವರ್ಷದ ಕಠಿಣ ಸಜೆಗೆ ಗುರಿಯಾದಾಗ ಫಾರ್ಸ್ಟರನಿಗೆ ಹದಿನಾರು ವರ್ಷ. ಮಸೂದನ ನಾಡಿನಲ್ಲೂ ಅದೇ ಬ್ರಿಟಿಷ್ ಆಡಳಿತ 1860ರ ದಂಡಸಂಹಿತೆಯಲ್ಲಿ ಇಂಥದೇ 377ನೆಯ ಕಲಮನ್ನು ಸೇರಿಸಿತ್ತು. ನಿರಾಕರಣೆ ಸಿಟ್ಟಿನಿಂದ ಬಂದಿದ್ದರೆ ಬಹುಶಃ ಗಾಯ ಮಾಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ, ಮಸೂದ್ ದೂರ ಸರಿಯಲಿಲ್ಲ, ಅದೇ ಅಕ್ಕರೆಯಿಂದ ಉಳಿದ, ಆ ಅಕ್ಕರೆಯೇ ಪ್ರತಿ ಭೇಟಿಯಲ್ಲೂ ಎಲ್ಲಿಯವರೆಗೆ ಮಾತ್ರ ಸಲ್ಲುವುದೆಂಬ ಗೆರೆಯನ್ನು ಹೊಸದಾಗಿ ಎಳೆಯುತ್ತಿತ್ತು. ಜನರಿಲ್ಲದ ಒಂಟಿತನಕ್ಕಿಂತ ಬೇಕಾದವನು ಪಕ್ಕದಲ್ಲೇ ಕುಳಿತಿರುವ ಈ ಒಂಟಿತನ ಕಠಿಣವಾದುದು.

1912ರಲ್ಲಿ ಫಾರ್ಸ್ಟರ್ ಮೊದಲ ಬಾರಿ ಭಾರತಕ್ಕೆ ಬಂದದ್ದರ ಹಿಂದೆ ಇದ್ದದ್ದೂ ಮಸೂದನೇ. ಮರುವರ್ಷದ ಜನವರಿಯಲ್ಲಿ, ಮಸೂದ್ ವಕೀಲಿ ಮಾಡುತ್ತಿದ್ದ ಪಟ್ನಾ ಬಳಿಯ ಬಂಕಿಪುರದಲ್ಲಿ ರಾತ್ರಿ ಬೀಳ್ಕೊಂಡು, ನಸುಕಿನಲ್ಲೇ ಗೆಳೆಯನಿಲ್ಲದೆ ಗಯಾ ಪ್ರದೇಶದ ಬರಾಬರ್ ಗುಹೆಗಳನ್ನು ನೋಡಲು ಹೊರಟ. ಆ ಗುಹೆಗಳೇ ಮುಂದೆ ಅವನ ಕಾದಂಬರಿ ‘ಎ ಪ್ಯಾಸೇಜ್ ಟು ಇಂಡಿಯಾ’ದ ಮರಬಾರ್ ಗುಹೆಗಳಾಗಿ, ಏನೇ ನುಡಿದರೂ ಅರ್ಥವಿಲ್ಲದ ಒಂದೇ ಪ್ರತಿಧ್ವನಿಯನ್ನು ಹಿಂದಿರುಗಿಸತೊಡಗಿದವು. 1914ರಲ್ಲಿ ಮಸೂದನ ಮದುವೆಯಾಯಿತು. ಮುಂದೆ ಅವನು ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದ್ದ ಅಂದಿನ ಹೈದರಾಬಾದ್ ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯ ಮುಖ್ಯಸ್ಥನಾದ. 1921ರಲ್ಲಿ ಫಾರ್ಸ್ಟರ್ ಅಲ್ಲಿಗೂ ಹೋಗಿ ಅವನ ಅತಿಥಿಯಾಗಿದ್ದ.

ಗಂಡಸರಿಬ್ಬರ ಪ್ರೇಮ ಸುಖಾಂತವಾಗುವ ‘ಮಾರಿಸ್’ ಕಾದಂಬರಿಯನ್ನು ಫಾರ್ಸ್ಟರ್ ಆ ಮದುವೆಯ ವರ್ಷದಲ್ಲೇ ಮುಗಿಸಿದರೂ ಅದು ಅಚ್ಚಾದದ್ದು ಅವನ ಮರಣಾನಂತರ, 1971ರಲ್ಲಿ. 1924ರಲ್ಲಿ ಹೊರಬಂದ ‘ಎ ಪ್ಯಾಸೇಜ್ ಟು ಇಂಡಿಯಾ’ದ ಅರ್ಪಣೆಯಲ್ಲಿ ಮಸೂದನ ಹೆಸರಿದೆ, ಜೊತೆಗೆ ಹದಿನೇಳು ವರ್ಷದ ಗೆಳೆತನದ ಲೆಕ್ಕವಿದೆ. 1937ರಲ್ಲಿ ಮಸೂದ್ ತೀರಿಕೊಂಡಾಗ ಫಾರ್ಸ್ಟರ್ ಶ್ರದ್ಧಾಂಜಲಿ ಬರೆದು, ಅವನಂಥವನು ಇನ್ನೊಬ್ಬನಿಲ್ಲವೆಂದ, ತನ್ನನ್ನು ಎಚ್ಚರಿಸಿದವನು ಅವನೆಂದ. ಹಿಂದೊಮ್ಮೆ ವರ್ಷದ ಕೊನೆಯಲ್ಲಿ ಆಡಿದ್ದ ಆ ಮಾತನ್ನು ಮಾತ್ರ ಅಲ್ಲಿಯೂ ಎತ್ತಲಿಲ್ಲ.