ಅವ್ವನ ಚಿತ್ರ
ಹನೂರು ಸೀಮೆಯ ಶಾಗ್ಯದ ಹುಡುಗ 2010ರಲ್ಲಿ ಕ್ಯಾಮೆರಾ ಕೊಳ್ಳಲು ಮೈಸೂರಿಗೆ ಹೋದ. ಜೇಬಿಗಿಳಿಯುವ ಕಾಂಪ್ಯಾಕ್ಟೋ, ಹೆಗಲಿಗೆ ಭಾರವಾದ ಡಿಎಸ್ಎಲ್ಆರೋ? ಅಂಗಡಿಯವನು ಹೇಳಿದ್ದು ಸುಳ್ಳಲ್ಲ: ದೊಡ್ಡದರಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 12 ಪಟ್ಟು ವಿಸ್ತಾರ, ಮಬ್ಬಿನಲ್ಲೂ ಚಿತ್ರ ಸ್ವಚ್ಛ. ಸಾಲ ಮಾಡಿ ಅದನ್ನೇ ತಂದ.

ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದ ಅವ್ವ, "ಇದೇನ್ಲಾ ಮಗ, ಇಷ್ಟು ದೊಡ್ದು!" ಎಂದು ಸೆರಗು ಸರಿಪಡಿಸಿಕೊಂಡು ಬೊಂಬೆಯಂತೆ ಕೂತಳು. ಕಣ್ಣರೆಪ್ಪೆ ಎಣಿಸುವಷ್ಟು ಸ್ಪಷ್ಟ. ಆದರೆ ಅದು ಅವ್ವನಲ್ಲ.

ಗೆಳೆಯನ ಕಾಂಪ್ಯಾಕ್ಟ್ ಕೇಳಿ ತಂದು, ಮಾತಾಡುತ್ತಲೇ ಗುಂಡಿ ಒತ್ತಿದ. ಚುಕ್ಕೆಚುಕ್ಕೆಯಾದ ಆ ಚಿತ್ರದಲ್ಲಿ ಅವ್ವ ನಗುತ್ತಿದ್ದಾಳೆ. ಅವಳು ತೀರಿಕೊಂಡಾಗ ಗೋಡೆಗೆ ಹಾಕಿದ್ದು ಅದನ್ನೇ.

ದೊಡ್ಡ ಕ್ಯಾಮೆರಾ ಮದುವೆಮನೆಗಳಲ್ಲಿ ದುಡಿದು ತನ್ನ ಸಾಲ ತಾನೇ ತೀರಿಸಿತು.