ಬಾರದ ಚಿತ್ರವೂ ಬೇಲಿಯಾಚೆಯ ಮೌನವೂ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಾತು ಮುಗಿಸಿ ಹೊರಡುವಾಗ ಮೇಜಿನ ಮೇಲಿದ್ದ ನನ್ನ ಫೋನನ್ನು ಕಂಡು, "ಇದೇನು ಮೇಷ್ಟ್ರೇ, ಇಟ್ಟಿಗೆಯ ಹಾಗಿದೆ! ವಾಟ್ಸಾಪೂ ಇಲ್ಲವಂತೆ. ಒಂದು ಒಳ್ಳೆಯ ಫೋನು ತೆಗೆದುಕೊಳ್ಳಬಾರದೆ?" ಎಂದ. ಇದೇ ಪ್ರಶ್ನೆಯನ್ನು ನನ್ನ ತಂಗಿಯ ಮಕ್ಕಳೂ ಹಲವು ಬಾರಿ ಕೇಳಿದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಬರೆದುಬಿಡುವುದು ಮೇಲೆಂದು ಕುಳಿತಿದ್ದೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ. ತರಗತಿಯಲ್ಲಿ ನನ್ನನ್ನು ಸಹಿಸಿಕೊಂಡವರಿಗೆ ಇದೇನು ಹೊಸದಲ್ಲ.

ಲಿನಕ್ಸ್ ಎಂಬ ಹುಚ್ಚು ನನಗೆ ಹಿಡಿದದ್ದು ನಿವೃತ್ತಿಯ ನಂತರ. 2006ರಲ್ಲಿ ಉಬುಂಟುವಿನ ಸಿಡಿಗಳನ್ನು ಬೇಡಿದವರ ಮನೆಗೆ ಬಿಡಿಕಾಸೂ ಪಡೆಯದೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಸಾಗರದ ನಮ್ಮ ಮನೆಗೂ ಒಂದು ಲಕೋಟೆ ಬಂತು. ಅಂದಿನಿಂದ ನನ್ನ ಕಂಪ್ಯೂಟರಿನಲ್ಲಿ ಬೇರೊಂದು ವ್ಯವಸ್ಥೆ ಕಾಲಿಟ್ಟಿಲ್ಲ. ಇದನ್ನು ಬಲ್ಲ ಮೊಮ್ಮಗ, 2021ರಲ್ಲಿ ತಾನು ಉಳಿತಾಯದ ಹಣದಿಂದ ಕೊಂಡಿದ್ದ ಪೈನ್‌ಫೋನ್ ಎಂಬ ಲಿನಕ್ಸ್ ಫೋನನ್ನು, ಕಾಲೇಜಿಗೆ ಹೊರಡುವ ಮುನ್ನ ನನ್ನ ಕೈಗಿಟ್ಟ. ಸುಮಾರು 150 ಡಾಲರಿನ ವಸ್ತು. ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರೆ ಒಳಗೆ ಆರು ಪುಟ್ಟ ಸ್ವಿಚ್ಚುಗಳಿವೆ: ಮೋಡೆಮ್ಮಿಗೊಂದು, ವೈಫೈಗೊಂದು, ಮೈಕ್ರೊಫೋನಿಗೊಂದು, ಎರಡು ಕ್ಯಾಮೆರಾಗಳಿಗೆ ಎರಡು, ಇಯರ್‌ಫೋನಿಗೊಂದು. ಆರಿಸಿದರೆ ನಿಜವಾಗಿಯೂ ಆರುತ್ತದೆ. ಭೌತಶಾಸ್ತ್ರ ಕಲಿಸಿದವನಿಗೆ ಇಂಥ ಸ್ವಿಚ್ಚಿನ ಮೇಲೆ ಪ್ರೀತಿ ಹುಟ್ಟದೆ ಇರಲು ಸಾಧ್ಯವೆ?

2022ರ ಜೂನಿನಲ್ಲಿ ನಾನೂ ನನ್ನಾಕೆಯೂ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾರಿ ಎಂಬ ಊರಿನ ಮಗಳ ಮನೆಗೆ ಹೋಗಿದ್ದಾಗಿನ ಮಾತಿದು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ವೃದ್ಧರು ಜೀವಮಾನವೆಲ್ಲ ಅಂಚೆ ಹಂಚಿ ನಿವೃತ್ತರಾದವರು. ಬೇಲಿಗೆ ಒತ್ತಿಕೊಂಡಂತೆ ಅವರ ತರಕಾರಿ ಪಾತಿ. ನನ್ನಾಕೆಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಎಂಬ ಭಾಷೆಯಿದೆ ಎಂಬುದೂ ತಿಳಿಯದು. ಆದರೂ ಇಬ್ಬರ ಸಂಭಾಷಣೆ ನನ್ನ ನೆರವಿಲ್ಲದೆಯೇ ನಡೆಯುತ್ತಿತ್ತು. ಇವಳು ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ಅವರ ಪಾತಿಯ ಮೂಲೆಯಲ್ಲಿ ಬಿತ್ತಿ ಸೊಪ್ಪು ಮಾಡಿ ತೋರಿಸಿದಳು; ಅವರು ಟೊಮೇಟೊ ತಂದುಕೊಟ್ಟರು. ನನ್ನ ದೂರವಾಣಿ ಸಂಖ್ಯೆಯನ್ನೂ ಕೇಳಿ ಬರೆದುಕೊಂಡರು.

ಅಕ್ಟೋಬರಿನ ನಡುವೆ ಅವರು ಇದ್ದಕ್ಕಿದ್ದಂತೆ ಮೌನವಾದರು. ಕಂಡರೆ ಕೈಯೆತ್ತುವುದು, ಒಳಗೆ ಹೋಗುವುದು, ಅಷ್ಟೇ. ಪಾತಿಯ ಕೆಲಸವನ್ನೂ ನಾವು ಹೊರಗಿಲ್ಲದ ಹೊತ್ತಿನಲ್ಲಿ ಮಾಡತೊಡಗಿದರು. ನಾನು ಅಷ್ಟು ಗಮನಿಸಲಿಲ್ಲ. ಅವಳು ಗಮನಿಸಿದಳು. ನಮ್ಮ ಒಗ್ಗರಣೆಯ ಘಾಟು ಅವರಿಗೆ ಆಗದೇನೋ ಎಂದು ತಾನೇ ತೀರ್ಮಾನಿಸಿ, ಅಂದಿನಿಂದ ಕಿಟಕಿಗಳನ್ನೆಲ್ಲ ಮುಚ್ಚಿ, ಕೆಮ್ಮುತ್ತಲೇ ಒಗ್ಗರಣೆ ಹಾಕತೊಡಗಿದಳು. ನವೆಂಬರಿನಲ್ಲಿ ನಾವು ಊರಿಗೆ ಮರಳಿದೆವು. 2023ರ ಆಗಸ್ಟಿನಲ್ಲಿ ಅವಳು ತೀರಿಕೊಂಡಳು. ಆ ವಿಷಯ ಇಲ್ಲಿ ಬೇಡ.

2024ರ ಮೇ ತಿಂಗಳಲ್ಲಿ ನಾನೊಬ್ಬನೇ ಮತ್ತೆ ಕ್ಯಾರಿಗೆ ಹೋದೆ. ಎರಡನೆಯ ದಿನ ಆ ಹಿರಿಯರು ಸಂತಾಪದ ಕಾರ್ಡೊಂದನ್ನು ಹಿಡಿದು ಬಾಗಿಲಿಗೆ ಬಂದರು. ಬಹಳ ಹೊತ್ತು ತಡವರಿಸಿ, "ಆ ಚಿತ್ರಗಳಿಂದ ನಿಮಗೆ ಬೇಸರವಾಯಿತೆಂದು ನನಗೆ ಆಗಲೇ ತಿಳಿಯಿತು. ನಿಮ್ಮ ಪತ್ನಿಯನ್ನು ಕೇಳದೆ ಚಿತ್ರ ತೆಗೆದದ್ದು ನನ್ನ ತಪ್ಪು. ಕ್ಷಮೆ ಕೇಳಲು ಧೈರ್ಯ ಬರಲಿಲ್ಲ" ಎಂದರು. ಯಾವ ಚಿತ್ರಗಳು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಅವಳು ಪಾತಿಯಲ್ಲಿದ್ದಾಗ ಮೂರು ಚಿತ್ರ ತೆಗೆದು ನನ್ನ ಸಂಖ್ಯೆಗೆ ಕಳುಹಿಸಿದ್ದರಂತೆ. ಉತ್ತರ ಬರಲಿಲ್ಲ. ಪರದೇಶದ ಸಂಪ್ರದಾಯಸ್ಥರು, ಕೋಪಗೊಂಡಿದ್ದಾರೆ ಎಂದು ಅವರು ಅರ್ಥಮಾಡಿಕೊಂಡರು.

ನನಗೆ ಒಂದು ಚಿತ್ರವೂ ಬಂದಿರಲಿಲ್ಲ. ಅವರ ಬರಹದ ಸಂದೇಶಗಳು ಬರುತ್ತಿದ್ದವು. ಚಿತ್ರಗಳು ಬಾರದಿದ್ದುದು ನಮಗಾರಿಗೂ ತಿಳಿಯಲಿಲ್ಲ. ನಮ್ಮವರೆಲ್ಲ ಚಿತ್ರಗಳನ್ನು ಕಳುಹಿಸುತ್ತಿದ್ದುದು ಮಗಳ ವಾಟ್ಸಾಪಿಗೆ. ಅಮೆರಿಕದ ಹಿರಿಯರಲ್ಲಿ ಅನೇಕರು ಇಂದಿಗೂ ಫೋನಿನ ಮೂಲ ಸಂದೇಶವ್ಯವಸ್ಥೆಯನ್ನೇ ಬಳಸುತ್ತಾರೆ. ಅವರ ಕೈಯಲ್ಲಿದ್ದುದು ಐಫೋನು. ಅದರಿಂದ ಇನ್ನೊಂದು ಐಫೋನಿಗೆ ಚಿತ್ರವು ಆ್ಯಪಲ್‌ನದೇ ದಾರಿಯಲ್ಲಿ ಹೋಗುತ್ತದೆ. ನನ್ನಂಥವನ ಫೋನಿಗಾದರೆ ಎಂಎಂಎಸ್ ಆಗಿ ಬರಬೇಕು. (ನಮ್ಮಲ್ಲಿ ಈ ಪದಕ್ಕೆ ಪತ್ರಿಕೆಗಳು ಒಂದು ಕಾಲದಲ್ಲಿ ಎಂಥ ಕೆಟ್ಟ ಹೆಸರು ತಂದವೆಂಬುದು ನಿಮಗೆ ನೆನಪಿರಬಹುದು. ಪಾಪ, ಅದು ಬರಿಯ ಒಂದು ಸಾಗಣೆಯ ವಿಧಾನ.)

ಒಂದು ಚಿತ್ರ ಮಾತ್ರ ತಮ್ಮಲ್ಲಿ ಉಳಿದಿದೆ, ಉಳಿದೆರಡು ಫೋನು ಬದಲಿಸಿದಾಗ ಕಳೆದವು ಎಂದ ಆ ಹಿರಿಯರು ಅಂದು ಸಂಜೆಯೇ ಅದನ್ನು ಮತ್ತೆ ಕಳುಹಿಸಿದರು. ಬರಲಿಲ್ಲ. ಬೇಲಿ ದಾಟಿ ಹೋಗಿ ಅವರ ಫೋನಿನಲ್ಲೇ ನೋಡಿಬಿಡಬಹುದಿತ್ತು. ಮಗಳೂ ಹಾಗೆಯೇ ಹೇಳಿದಳು. ನನ್ನಿಂದ ಆಗಲಿಲ್ಲ. ಎಲ್ಲಿಗೆ ಬರಬೇಕಾಗಿತ್ತೋ ಅಲ್ಲಿಗೇ ಅದು ಬರಬೇಕು ಎಂಬ ಹಟ. ಮುದುಕರ ಹಟಕ್ಕೆ ಕಾರಣ ಕೇಳಬಾರದು.

ಚಿತ್ರಸಂದೇಶ ಹೇಗೆ ಬರುತ್ತದೆಂಬುದನ್ನು ಇಲ್ಲಿ ಹೇಳಬೇಕು. ಸಾಮಾನ್ಯ ಎಸ್‌ಎಂಎಸ್‌ನಲ್ಲಿ ಹಿಡಿಯುವುದು 140 ಬೈಟುಗಳು ಮಾತ್ರ: ಇಂಗ್ಲಿಷಿನಲ್ಲಾದರೆ 160 ಅಕ್ಷರ, ಕನ್ನಡದಲ್ಲಾದರೆ 70 ಸಂಕೇತ. ಇಷ್ಟರಲ್ಲಿ ಚಿತ್ರ ಎಲ್ಲಿ ಹಿಡಿದೀತು? ಆದ್ದರಿಂದ 2002ರ ಮಾರ್ಚಿನಲ್ಲಿ ನಾರ್ವೆಯ ಟೆಲಿನಾರ್ ಮೊದಲಿಗೆ ಗ್ರಾಹಕರಿಗೆ ತೆರೆದ ಈ ಎಂಎಂಎಸ್ ಬೇರೊಂದು ಉಪಾಯ ಹೂಡಿತು. ನಮ್ಮೂರ ಅಂಚೆಯವರು ದೊಡ್ಡ ಪಾರ್ಸೆಲ್ ಬಂದರೆ ಏನು ಮಾಡುತ್ತಿದ್ದರು? ಪಾರ್ಸೆಲನ್ನು ಕಚೇರಿಯಲ್ಲೇ ಇಟ್ಟು, "ಇಂಥದ್ದು ಬಂದಿದೆ, ಇಷ್ಟು ದಿನದೊಳಗೆ ಬಿಡಿಸಿಕೊಳ್ಳಿ" ಎಂಬ ಚೀಟಿ ತಂದುಕೊಡುತ್ತಿದ್ದರು. ಇದೂ ಹಾಗೆಯೇ. ಚಿತ್ರವು ದೂರವಾಣಿ ಕಂಪನಿಯ ಸಂದೇಶಕೇಂದ್ರದಲ್ಲಿ ಕುಳಿತಿರುತ್ತದೆ. ಫೋನಿಗೆ ಬರುವುದು ಒಂದು ಗುಪ್ತ ಎಸ್‌ಎಂಎಸ್. ಕಳುಹಿಸಿದವರ ಸಂಖ್ಯೆ, ಚಿತ್ರದ ಗಾತ್ರ, ಅದು ಇರುವ ವಿಳಾಸ, ಗಡುವು, ಇಷ್ಟು ಅದರಲ್ಲಿರುತ್ತವೆ. ಚೀಟಿ ಕಂಡ ಫೋನು ತಾನಾಗಿ ಹೋಗಿ ಚಿತ್ರವನ್ನು ಬಿಡಿಸಿಕೊಂಡು ಬರಬೇಕು. ಗಡುವು ಕಳೆದರೆ ಚಿತ್ರ ಅಳಿಸಿಹೋಗುತ್ತದೆ. ನಮ್ಮ ಹಿರಿಯರಿಗೆ ಇದನ್ನು ವಿವರಿಸಿದಾಗ, ತಾವು ಅಂಥ ಚೀಟಿಗಳನ್ನು ಎಷ್ಟು ಬಾಗಿಲುಗಳಿಗೆ ಅಂಟಿಸಿರಬಹುದೆಂದು ಅವರು ಲೆಕ್ಕಹಾಕತೊಡಗಿದರು.

ಹತ್ತನೆಯ ತರಗತಿಯ ವಿದ್ಯುತ್ ಮಂಡಲದ ಪಾಠ ನೆನಪಿದೆಯೆ? ದೀಪ ಹೊತ್ತದಿದ್ದರೆ ಕೋಶ, ತಂತಿ, ಕೀಲಿ, ದೀಪ, ಒಂದೊಂದನ್ನೇ ಪರೀಕ್ಷಿಸಿ. ಎರಡನ್ನು ಒಟ್ಟಿಗೆ ಮುಟ್ಟಬೇಡಿ ಎನ್ನುತ್ತಿದ್ದೆ. ಅದನ್ನೇ ಮಾಡಿದೆ. ಮೋಡೆಮ್ಮಿನ ಸ್ವಿಚ್ಚು ಸರಿಯಿತ್ತು. ಇಲ್ಲದಿದ್ದರೆ ಎಸ್‌ಎಂಎಸ್ಸೂ ಬರುತ್ತಿರಲಿಲ್ಲ. ಚೀಟಿ ಹಿಡಿದು ಹೋಗಿ ಚಿತ್ರ ತರುವ ಕೆಲಸ ಈ ಫೋನಿನಲ್ಲಿ ಎಂಎಂಎಸ್‌ಡಿ-ಟಿಎನ್‌ಜಿ ಎಂಬ ಪುಟ್ಟ ತಂತ್ರಾಂಶದ್ದು. ಹಳೆಯದೊಂದು ತಂತ್ರಾಂಶವನ್ನು 2021ರಲ್ಲಿ ಇಂಥ ಫೋನುಗಳಿಗೆ ಹೊಂದಿಸಿ ರೂಪಿಸಿದ್ದು. ತೆರೆಯ ಮೇಲೆ ಕಾಣುವ ಚ್ಯಾಟಿ ಎಂಬ ಸಂದೇಶಫಲಕ ಕೇವಲ ಮುಖ. ಬೆವರು ಸುರಿಸುವವನು ಒಳಗಿರುವ ಇವನು. ಅವನು ಇದ್ದ, ಎಚ್ಚರವಾಗಿಯೂ ಇದ್ದ. ಹಾಗಾದರೆ ಹೋಗುತ್ತಿಲ್ಲವೇಕೆ?

ಟರ್ಮಿನಲ್ ತೆರೆದು ಅವನ ಸಂರಚನಾ ಕಡತವನ್ನು ಓದಿದೆ. ಸಂದೇಶಕೇಂದ್ರದ ವಿಳಾಸ ಇರಬೇಕಾದಲ್ಲಿ 'ಎಂಎಂಎಸ್ ಡಾಟ್ ಇನ್ವ್ಯಾಲಿಡ್', ದೂರವಾಣಿ ಜಾಲದ ಪ್ರವೇಶದ್ವಾರದ ಹೆಸರು, ಎಂದರೆ ಎಪಿಎನ್, ಇರಬೇಕಾದಲ್ಲಿ 'ಎಪಿಎನ್ ಡಾಟ್ ಇನ್ವ್ಯಾಲಿಡ್' ಎಂದಿತ್ತು. ಯಾರ ತಪ್ಪೂ ಅಲ್ಲ. ಇಂಟರ್ನೆಟ್ಟಿನ ಹಿರಿಯರು 1999ರಲ್ಲಿಯೇ 'ಇನ್ವ್ಯಾಲಿಡ್' ಎಂಬ ಕೊನೆಯುಳ್ಳ ಹೆಸರುಗಳನ್ನು ಯಾರಿಗೂ ಕೊಡಬಾರದೆಂದು ಕಾದಿರಿಸಿದ್ದಾರೆ. ಬಳಸುವವನು ತುಂಬಬೇಕಾದ ಖಾಲಿ ಜಾಗವೆಂಬ ಗುರುತಿಗೆ ಅದನ್ನು ಬರೆದಿಟ್ಟಿರುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಿಮ್ಮನ್ನು ನೋಡಿ ಫೋನೇ ಇದನ್ನೆಲ್ಲ ತುಂಬಿಕೊಳ್ಳುತ್ತದೆ. ನನ್ನದರಲ್ಲಿ ಮೊಮ್ಮಗ ತುಂಬಿರಲಿಲ್ಲ, ಅವನಿಗೆ ಬೇಕಾಗಿರಲಿಲ್ಲ. ನಾನು ತುಂಬಿರಲಿಲ್ಲ, ನನಗೆ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಹುಡುಗರು ಖಾಲಿ ಬಿಟ್ಟ ಜಾಗಗಳಿಗೆ ಎಷ್ಟು ವರ್ಷ ಸೊನ್ನೆ ಹಾಕಿದ್ದೇನೆ!

ಮಗಳಿಂದ ಕಂಪನಿಯ ಸರಿಯಾದ ವಿಳಾಸ, ಎಪಿಎನ್ ಎರಡನ್ನೂ ತಿಳಿದು ತುಂಬಿದೆ. ಫೋನನ್ನು ಆರಿಸಿ ಹೊತ್ತಿಸಿದೆ. ಚಿತ್ರ ಬರಲಿಲ್ಲ.

ಅರ್ಧ ದಿನ ಹೀಗೆಯೇ ಕಳೆಯಿತು. ಪ್ರತಿಯೊಂದು ಅಕ್ಷರವನ್ನೂ ಕನ್ನಡಕ ಏರಿಸಿ ಇಳಿಸಿ ಮತ್ತೆ ಓದಿದೆ. ಕೊನೆಗೆ ಹೊಳೆದದ್ದು: ಒಂದೇ ಮಂಡಲದಲ್ಲಿ ಎರಡು ದೋಷಗಳಿದ್ದರೆ, ಒಂದನ್ನು ಸರಿಪಡಿಸಿದರೂ ದೀಪ ಹೊತ್ತದು. ಮನೆಯಲ್ಲಿ ವೈಫೈ ಇದೆಯೆಂದು, ದುಡ್ಡು ಉಳಿಯಲೆಂದು, ನಾನು ಮೊಬೈಲ್ ಡೇಟಾವನ್ನು ಮೊದಲ ದಿನದಿಂದಲೇ ಆರಿಸಿಟ್ಟಿದ್ದೆ. ಸಂದೇಶಕೇಂದ್ರದ ಬಾಗಿಲು ಕಂಪನಿಯ ಸ್ವಂತ ಜಾಲದ ಒಳಗಿನಿಂದ ಬಂದವರಿಗಷ್ಟೇ ತೆರೆಯುತ್ತದೆ. ವೈಫೈ ಎಷ್ಟೇ ಚುರುಕಾಗಿದ್ದರೂ ಅದು ಬೇರೆಯ ಬೀದಿ. ಬೇರೆ ಫೋನುಗಳು ಚಿತ್ರಸಂದೇಶಕ್ಕೆ ಬೇಕಾದಷ್ಟು ಹೊತ್ತು ಡೇಟಾವನ್ನು ತಾವೇ ಗುಟ್ಟಾಗಿ ತೆರೆದುಕೊಳ್ಳುತ್ತವೆ. ನನ್ನದು ಪ್ರಾಮಾಣಿಕ, ನಾನು ಆರಿಸಿದ್ದನ್ನು ಅದು ಹೊತ್ತಿಸದು. ಉಳಿತಾಯದ ಬುದ್ಧಿಯೇ ಮುಳುವಾಗಿತ್ತು. ನನ್ನಾಕೆ ಇದ್ದಿದ್ದರೆ ಈ ವಾಕ್ಯವನ್ನು ಎರಡು ಸಲ ಓದಿಸಿಕೊಳ್ಳುತ್ತಿದ್ದಳು.

ಡೇಟಾವನ್ನು ಹೊತ್ತಿಸುವ ಮುನ್ನ, ತಂತ್ರಾಂಶವು ಚೀಟಿಗಳನ್ನು ಕೂಡಿಡುವ ಕಡತಕೋಶವನ್ನೊಮ್ಮೆ ತೆರೆದು ನೋಡಿದೆ. ನಾಲ್ಕು ಚೀಟಿಗಳಿದ್ದವು. ಒಂದು ಹಿಂದಿನ ಸಂಜೆಯದು. ಉಳಿದ ಮೂರರ ಮೇಲೆ 2022ರ ಅಕ್ಟೋಬರಿನ ದಿನಾಂಕ. ಒಂದೂವರೆ ವರ್ಷ ಅವು ನನ್ನ ಜೇಬಿನಲ್ಲೇ ಇದ್ದವು. ಸಾಗರದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಎಲ್ಲ ಕಡೆಯೂ.

ಡೇಟಾ ಹೊತ್ತಿಸಿದೆ. ತಂತ್ರಾಂಶ ನಾಲ್ಕು ಚೀಟಿಗಳನ್ನೂ ಹಿಡಿದು ಹೋಯಿತು. ಮೂರಕ್ಕೆ ಅಲ್ಲಿ ಏನೂ ಇರಲಿಲ್ಲ. ನಾಲ್ಕನೆಯದಕ್ಕೆ ಚಿತ್ರ ಬಂತು.

ಎಂಎಂಎಸ್‌ನಲ್ಲಿ ಚಿತ್ರವನ್ನು ಕುಗ್ಗಿಸಿ ಕಳುಹಿಸುವುದರಿಂದ ಅದೇನೂ ಸ್ಪಷ್ಟವಾಗಿರಲಿಲ್ಲ. ಮಗಳ ಹಳೆಯ ಸ್ವೆಟರ್ ತೊಟ್ಟು, ಸೀರೆಯ ನಿರಿಗೆಯನ್ನು ಒಂದಿಷ್ಟು ಎತ್ತಿ ಸಿಕ್ಕಿಸಿ, ಮೆಂತ್ಯದ ಪಾತಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದಾಳೆ. ಕೈಯಲ್ಲಿ ಸೊಪ್ಪಿನ ಕಟ್ಟು. ತಲೆಯೆತ್ತಿ ಯಾರಿಗೋ ಏನೋ ಹೇಳುತ್ತಿದ್ದಾಳೆ, ಬಾಯಿ ತೆರೆದಿದೆ. ಬಹುಶಃ ಅವರಿಗೆ ಕನ್ನಡದಲ್ಲಿ ಬೇರು ಕೀಳಬೇಡಿ ಎನ್ನುತ್ತಿರಬೇಕು.

ಆ ಹಿರಿಯರಿಗೂ ಮಗಳಿಗೂ ಒಟ್ಟಿಗೆ ಒಂದು ಸಂದೇಶ ಬರೆದೆ. ಅವರ ಉತ್ತರ ಬಂದಾಗ ಗುಂಪಿನಲ್ಲಿ ಮೂರನೆಯ ಅಪರಿಚಿತರೊಬ್ಬರು ಕಾಣಿಸಿಕೊಂಡರು. ಸಂಖ್ಯೆ ನೋಡಿದರೆ ನಾನೇ! ಹಲವು ಸಿಮ್ಮುಗಳಲ್ಲಿ ಅವುಗಳ ಸ್ವಂತ ಸಂಖ್ಯೆ ಬರೆದಿರುವುದಿಲ್ಲ. ಆದ್ದರಿಂದ ಗುಂಪಿನ ಪಟ್ಟಿಯಲ್ಲಿ ತಾನು ಯಾರೆಂದು ಫೋನಿಗೆ ತಿಳಿಯುವುದಿಲ್ಲ. ಅದೇ ಕಡತದಲ್ಲಿ ಅದಕ್ಕೂ ಒಂದು ಸಾಲಿತ್ತು. ತುಂಬಿದೆ. ಈಗ ಗುಂಪಿನಲ್ಲಿ ಇರಬೇಕಾದಷ್ಟೇ ಜನ ಇದ್ದಾರೆ.

ಮರುದಿನ ಬೇಲಿಯ ಬಳಿ ಅವರಿಗೆ ಒಗ್ಗರಣೆಯ ಸಂಗತಿಯನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತೋ ಏನೋ. ಅವರು ಕೈಗವಸು ಕಳಚಿ ಬೇಲಿಯ ಮೇಲಿಟ್ಟು, ಸ್ವಲ್ಪ ಹೊತ್ತು ನಮ್ಮ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಆ ಘಮ ಬಂದರೆ ಗಡಿಯಾರ ನೋಡದೆಯೇ ಊಟದ ಹೊತ್ತಾಯಿತೆಂದು ತಿಳಿಯುತ್ತಿತ್ತು, ಅಕ್ಟೋಬರಿನಲ್ಲಿ ಅದು ನಿಂತಾಗ ನೀವು ಊರಿಗೆ ಹೋದಿರೆಂದೇ ಒಂದು ದಿನ ಅಂದುಕೊಂಡಿದ್ದೆ ಎಂದರು.