ಗುಡ್ಡವಿಲ್ಲದ ಊರು

ನಾನು ಹುಟ್ಟಿ ಬೆಳೆದುದು ಗೋಕಾಕದಲ್ಲಿ. ಪಾಠ ಹೇಳುವುದು ಮೂಡಲಗಿಯಲ್ಲಿ. ತಂಗಿಯನ್ನು ಕೊಟ್ಟಿರುವುದು ಹುಕ್ಕೇರಿಗೆ. ಈ ಮೂರು ಊರುಗಳ ನಡುವಣ ಬಸ್ಸಿನಲ್ಲಿಯೇ ನನ್ನ ದೇಶಸಂಚಾರವೆಲ್ಲ ಮುಗಿಯುತ್ತದೆ. ಇಂಥವನು ಲಕ್ಷದ್ವೀಪದ ಹಡಗು ಹತ್ತುತ್ತಾನೆಂದು ಕೇಳಿ ಸಹೋದ್ಯೋಗಿಗಳು ನಕ್ಕರು. "ಘಟಪ್ರಭೆಯಲ್ಲಿಯೇ ಈಜು ಬಾರದವರು ಅರಬ್ಬೀ ಸಮುದ್ರದಲ್ಲಿ ಏನು ಮಾಡುತ್ತೀರಿ?" ಎಂದರು. ನಗದಿದ್ದವಳು ಅವ್ವ ಒಬ್ಬಳೇ. ಅವಳು ಕೇಳಿದುದು ಒಂದೇ ಮಾತು:

"ಅಲ್ಲಿ ನೀರು ಬಂದ್ರ ಮಂದಿ ಎತ್ತಾಗ ಓಡ್ತಾರೋ?"

ಈ ಪ್ರಶ್ನೆಗೆ ಕಾರಣವಿತ್ತು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳೆರಡೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳನ್ನು ಹೊಕ್ಕವು. ಲೋಳಸೂರ ಸೇತುವೆ ಮುಳುಗಿತು. ಅಂದು ನಾನು ಹೊಳೆಯ ಆಚೆಗೆ, ಮೂಡಲಗಿಯಲ್ಲಿದ್ದೆ. ಈಚೆಗೆ ಮನೆಯಲ್ಲಿ ಅವ್ವ ಒಬ್ಬಳೇ. ಫೋನು ಹತ್ತಲಿಲ್ಲ. ಮೂರು ದಿನ ದಡದಲ್ಲಿ ನಿಂತು ಕೆಂಪು ನೀರನ್ನು ನೋಡಿದೆ, ಅಷ್ಟೆ. ಓಣಿಯ ಹುಡುಗರು ಅವಳನ್ನು ಬೆನ್ನ ಮೇಲೆ ಹೊತ್ತು ಎತ್ತರದ ಶಾಲೆಯೊಂದಕ್ಕೆ ಮುಟ್ಟಿಸಿದ್ದರು. ನೀರಿಳಿದ ಮೇಲೆ ನಮ್ಮ ಪಡಸಾಲೆಯ ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಒಂದು ರಾಡಿಯ ಗೆರೆ ಉಳಿಯಿತು. "ನೀ ಇರಲಿಲ್ಲ" ಎಂದು ಅವ್ವ ಒಂದು ದಿನವೂ ಅನ್ನಲಿಲ್ಲ. ಅನ್ನದಿದ್ದುದೇ ನನಗೆ ಭಾರವಾಯಿತು.

ಅದಾದ ಮೇಲೆ ಅಕ್ಟೋಬರಿನ ಮಳೆಗೆ ಊರ ಮೇಲಿನ ಬೆಟ್ಟದ ದೊಡ್ಡ ಬಂಡೆ ಉರುಳೀತೆಂಬ ಭಯ ಬೇರೆ ಹುಟ್ಟಿತು. ನೀರಿಗಂಜಿ ಗುಡ್ಡ ಹತ್ತಿದವರು ಗುಡ್ಡಕ್ಕಂಜಿ ಎಲ್ಲಿಗೆ ಹೋಗಬೇಕು?

2020ರ ಜನವರಿಯಲ್ಲಿ ಹೊರಟೆ. ಲಕ್ಷದ್ವೀಪಕ್ಕೆ ಪ್ರವೇಶಪತ್ರವಿಲ್ಲದೆ ಬಿಡುವುದಿಲ್ಲ. ನಾನು ಸಜ್ಜನನೆಂದು ಪೊಲೀಸರು ಬರೆದುಕೊಟ್ಟ ಕಾಗದ ನನ್ನಲ್ಲಿ ಈಗಲೂ ಭದ್ರವಾಗಿದೆ; ಮನೆಯಲ್ಲಿ ವಾದ ಬಿದ್ದಾಗ ತೋರಿಸುವುದುಂಟು. ಕೊಚ್ಚಿಯಲ್ಲಿ ಹಡಗು ಹತ್ತಿದ ರಾತ್ರಿ ಹೊಟ್ಟೆ ತೊಳಸಿ ಮಲಗಿದವನು, ಈ ದ್ವೀಪಗಳು ನಮಗೆ ತೀರ ಪರಕೀಯವಲ್ಲವೆಂದು ಸಮಾಧಾನ ಹೇಳಿಕೊಂಡೆ. ಇವುಗಳಲ್ಲಿ ಅಮಿನ್‌ದಿವಿ ಗುಂಪು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮಂಗಳೂರಿನಿಂದ ಅದರ ಆಡಳಿತ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ನಮ್ಮ ಗೋಕಾಕ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿತು. ಅದೇ ದಿನ ಈ ದ್ವೀಪಗಳು ಮದ್ರಾಸನ್ನು ಬಿಟ್ಟು ಕೇಂದ್ರದ ಆಡಳಿತಕ್ಕೆ ಹೋದವು. 1973ರ ನವೆಂಬರ್ 1ರಂದು ನಮ್ಮ ರಾಜ್ಯ ಕರ್ನಾಟಕವಾಯಿತು. ಅಂದೇ ಅವಕ್ಕೂ ಲಕ್ಷದ್ವೀಪವೆಂಬ ಹೆಸರು ಬಂದಿತು. ಒಂದೇ ದಿನ ತೊಟ್ಟಿಲಿಗೆ ಹಾಕಿಸಿಕೊಂಡ ಕೂಸುಗಳು!

ಬೆಳಗಾಗುವಾಗ ಕಲ್ಪೇನಿ ಕಂಡಿತು. ಕಂಡಿತೆಂದರೆ ನೆಲ ಕಾಣಲಿಲ್ಲ. ನೀರಿನಿಂದಲೇ ತೆಂಗಿನ ಮರಗಳು ಎದ್ದುನಿಂತಂತಿತ್ತು. ಹವಳದ ದಿಬ್ಬವನ್ನು ದಾಟಿ ದೊಡ್ಡ ಹಡಗು ಒಳಗೆ ಬರಲಾರದು. ತೂಗಾಡುವ ಸಣ್ಣ ದೋಣಿಗೆ ನಮ್ಮನ್ನು ಕೈಹಿಡಿದು ಇಳಿಸಿದರು. ದಿಬ್ಬದ ಹೊರಗೆ ಕಡಲು ಕರಿನೀಲಿ, ಮೊರೆತವೇ ಮೊರೆತ. ಒಳಗೆ ಬಂದೊಡನೆ ತಿಳಿಹಸಿರು, ಬಟ್ಟಲಲ್ಲಿಟ್ಟ ನೀರಿನಷ್ಟು ಶಾಂತ. ಎರಡರ ನಡುವೆ ಇದ್ದುದು ಬಿಳಿ ನೊರೆಯ ಒಂದು ಗೆರೆ ಮಾತ್ರ.

ನಮ್ಮ ದೋಣಿಯವನು ಐವತ್ತರ ಆಸುಪಾಸಿನವನು. ಅವನದು ದ್ವೀಪದ ಮಲಯಾಳ, ನನ್ನದು ಪಂಡಿತರ ಕನ್ನಡ; ಇಬ್ಬರಿಗೂ ಅರ್ಧರ್ಧ ಬರುವ ಹಿಂದಿಯಲ್ಲಿ ಸ್ನೇಹವಾಯಿತು. ಅವನ ಅಜ್ಜ ಹಾಯಿ ಓಡದಲ್ಲಿ ತೆಂಗಿನ ಹುರಿ, ಕೊಬ್ಬರಿ ತುಂಬಿಕೊಂಡು ಹೋಗಿ ದಡದಿಂದ ಅಕ್ಕಿ ತರುತ್ತಿದ್ದನಂತೆ. ಅವ್ವನ ಪ್ರಶ್ನೆಯನ್ನು ಅವನಿಗೇ ಕೇಳಿದೆ. ಉತ್ತರ ಕೊಡದೆ ನನ್ನನ್ನು ಮೂಡಣ ದಡಕ್ಕೆ ಕರೆದೊಯ್ದ.

ಅಲ್ಲಿ ಹವಳದ ಕಲ್ಲುಗಳ ಉದ್ದನೆಯ ರಾಶಿ. ಯಾರೂ ಕಟ್ಟಿದ್ದಲ್ಲ; 1847ರ ಭಯಂಕರ ಬಿರುಗಾಳಿಯಲ್ಲಿ ಕಡಲೇ ಎತ್ತಿ ಒಗೆದುದು. ಅಂದು ಮನುಷ್ಯರೂ ಹೋದರು, ತೆಂಗೂ ಹೋಯಿತು. "ಓಡಲು ಜಾಗವೆಲ್ಲಿ?" ಎಂದು ಅವನು ಕೈ ಆಡಿಸಿದ. ನಾನು ಸುತ್ತ ನೋಡಿದೆ. ಗುಡ್ಡವಿಲ್ಲ, ದಿಣ್ಣೆಯಿಲ್ಲ. ಈ ದ್ವೀಪಗಳ ನೆಲ ಬಹುಮಟ್ಟಿಗೆ ಕಡಲಿಗಿಂತ ಒಂದೆರಡು ಮೀಟರು ಮಾತ್ರ ಮೇಲಿದೆ. ನಮ್ಮ ಪಡಸಾಲೆಯ ಗೆರೆಯನ್ನು ಮನಸ್ಸಿನಲ್ಲಿಯೇ ಅಲ್ಲಿ ಎಳೆದು ನೋಡಿದೆ, ಎಳೆಯಬಾರದಿತ್ತು ಎನ್ನಿಸಿತು.

"ನಮ್ಮ ಗುಡ್ಡ ಅದು" ಎಂದು ಅವನು ಆ ನೊರೆಯ ಗೆರೆಯನ್ನು ತೋರಿಸಿದ. ನಿಜ. ಹವಳದ ಹುಳುಗಳು ಸಾವಿರಾರು ವರ್ಷ ಸುಣ್ಣ ಕೂಡಿಸಿ ಕಟ್ಟಿದ ಗೋಡೆ ಅದು. ಹೆದ್ದೆರೆಯ ಹೊಡೆತವನ್ನೆಲ್ಲ ತಾನು ತಿನ್ನುತ್ತದೆ. ಆದರೆ ಗೋಡೆಗೂ ಈಗ ಜ್ವರ. ಕಡಲು ಕಾದು 1998, 2010, 2016ರಲ್ಲಿ ಇಲ್ಲಿಯ ಹವಳ ಬಿಳಿಚಿಕೊಂಡು ಬಹಳಷ್ಟು ಸತ್ತಿತು. ಬಂಗಾರಂ ಬಳಿಯ ಪರಳಿ ಎಂಬ ಜನವಿಲ್ಲದ ಪುಟ್ಟ ನಡುಗಡ್ಡೆಗಳಲ್ಲಿ ಒಂದು ಪೂರ್ತಿ ಕರಗಿಹೋಯಿತೆಂದು 2017ರಲ್ಲಿ ಸಂಶೋಧಕರು ವರದಿ ಮಾಡಿದರು.

ಅದೇ 2017ರ ಡಿಸೆಂಬರಿನಲ್ಲಿ ಓಖಿ ಚಂಡಮಾರುತ ಕಲ್ಪೇನಿಯನ್ನು ಬಡಿಯಿತು. ದೋಣಿಯವನು ಅಂದು ಕೊಚ್ಚಿಯಲ್ಲಿದ್ದ. ಎರಡು ದಿನ ಮನೆಯ ಸುದ್ದಿಯೇ ಇರಲಿಲ್ಲ. ಮನೆಯಲ್ಲಿ ಮುದಿ ತಾಯಿ.

"ಯಾರು ನೋಡಿಕೊಂಡರು?" ಎಂದೆ.

"ಊರು" ಎಂದ. ಅದರಲ್ಲಿ ಹೇಳಬೇಕಾದುದೇನಿದೆ ಎಂಬಂತೆ ದೋಣಿಯ ಹಗ್ಗವನ್ನು ಬಿಚ್ಚತೊಡಗಿದ.

ನನಗೆ ಮಾತು ಹೊರಡಲಿಲ್ಲ. ಚೀಲದಿಂದ ಗೋಕಾಕದ ಕರದಂಟಿನ ಪೊಟ್ಟಣ ತೆಗೆದು ಅವನ ಕೈಗಿಟ್ಟೆ. ತಿಂದು ನೋಡಿ, "ತಾಯಿಗೂ ಕೊಡುತ್ತೇನೆ" ಎಂದು ಅರ್ಧ ಕಟ್ಟಿಟ್ಟುಕೊಂಡ. ಸಂಜೆ ಹಡಗಿಗೆ ಮರಳುವಾಗ ತೆಂಗಿನ ನೀರಾದಿಂದ ಕಾಸಿದ ಬೆಲ್ಲ ಒಂದಿಷ್ಟು ತಂದುಕೊಟ್ಟ.

ಊರಿಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಹುಳ ಕಟ್ಟಿದ ಗೋಡೆ, ಗುಡ್ಡವಿಲ್ಲದ ಊರು, ದೋಣಿಯವನ ತಾಯಿ. ಬೆಲ್ಲವನ್ನು ಚಪ್ಪರಿಸುತ್ತ ಕೇಳಿದಳು.

"ಅಂದ್ರ ಅಂವಾನೂ ಅವತ್ತ ಮನ್ಯಾಗಿರಲಿಲ್ಲ?" ಎಂದಳು.

"ಇರಲಿಲ್ಲ."

"ಪಾಪ, ಅಂವಾ ಅಲ್ಲಿ ಎಷ್ಟು ಒದ್ದಾಡಿರಬೇಕೋ!"

ನಾನು ಎದ್ದು ಹಿತ್ತಲಿಗೆ ಹೋದೆ. ಹೊಳೆಯ ಆಚೆ ದಡದ ಆ ಮೂರು ದಿನಗಳ ಬಗ್ಗೆ ಅವ್ವ ನನ್ನೊಡನೆ ಆಡಿದ ಮಾತು ಅದೊಂದೇ.

ಯುಗಾದಿಗೆ ಸುಣ್ಣ ಬಳಿಯಲು ಬಂದವನಿಗೆ ಅವ್ವ ಪಡಸಾಲೆಯ ಆ ಗೆರೆಗೆ ಕೈಹಚ್ಚಗೊಡಲಿಲ್ಲ. ಹುಕ್ಕೇರಿಯಿಂದ ಬಂದ ತಂಗಿಯ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ಯಾರು ಎಷ್ಟು ಬೆಳೆದಿದ್ದಾರೆಂದು ಅಳೆಯುತ್ತಾಳೆ.